ಹಾಸನದಲ್ಲಿ ಕೂತು ಬರ್ಮಾದ ರಾಜಕೀಯ ಕೈದಿಯ ಬಿಡುಗಡೆಗೆ ಅಭಿಯಾನ ನಡೆಸುವುದು ಹೇಗೆ?

ಹಾಸನದಿಂದ ಒಂದು ಪತ್ರ ಹೋದರೆ ಬರ್ಮಾದ, ಅಂದರೆ ಈಗಿನ ಮ್ಯಾನ್ಮಾರ್‌ನ ಸೇನಾ ಜನರಲ್‌ಗೆ ಏನಾಗುತ್ತದೆ? ನೇರವಾಗಿ ಏನೂ ಆಗುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡವರು ಮಾತ್ರ ಈ ಕೆಲಸದಲ್ಲಿ ಕೊನೆತನಕ ಉಳಿಯುತ್ತಾರೆ. ಪತ್ರ ಓದಿ ಯಾವ ಸೇನಾಧಿಕಾರಿಯ ಮನಸ್ಸೂ ಕರಗುವುದಿಲ್ಲ. ಆದರೆ ಒಬ್ಬ ಕೈದಿಯ ಹೆಸರು ರಾಯಭಾರ ಕಚೇರಿಯ ಟಪಾಲಿನಲ್ಲಿ, ದೆಹಲಿಯ ಕಡತದಲ್ಲಿ, ಸಂಸತ್ತಿನ ಪ್ರಶ್ನೆಯಲ್ಲಿ, ಜಿನೀವಾದ ವಿಶ್ವಸಂಸ್ಥೆ ಕಚೇರಿಯ ಫೈಲಿನಲ್ಲಿ ಮತ್ತೆ ಮತ್ತೆ ಕಾಣಿಸುತ್ತಿದ್ದರೆ ಆ ವ್ಯಕ್ತಿಯನ್ನು ಒಳಗೇ ಸದ್ದಿಲ್ಲದೆ ಮುಗಿಸುವುದು ಕಷ್ಟ. ಕ್ಷಮಾದಾನದ ಪಟ್ಟಿ ತಯಾರಾಗುವಾಗ ಆ ಹೆಸರು ಯಾರದೋ ಕಣ್ಣಿಗೆ ಬೀಳುವ ಸಾಧ್ಯತೆ ಜಾಸ್ತಿ. ನಮ್ಮ ಕೈಲಾಗುವುದು ಇಷ್ಟು. ಇಷ್ಟನ್ನು ಅಚ್ಚುಕಟ್ಟಾಗಿ ಮಾಡುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ. ಚಿಕ್ಕಮಗಳೂರಿನವರಿಗೂ ಇದೇ ದಾರಿ.

ಮೊದಲು ವಿಷಯ ತಿಳಿದುಕೊಳ್ಳಿ

ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರವರಿ 1ರಂದು ಸೇನೆ ಅಧಿಕಾರ ಕಿತ್ತುಕೊಂಡಿತು. ಚುನಾವಣೆಯಲ್ಲಿ ಗೆದ್ದಿದ್ದ ಆಂಗ್ ಸಾನ್ ಸೂಚಿ, ಅಧ್ಯಕ್ಷರಾಗಿದ್ದ ವಿನ್ ಮಿಂಟ್ ಅದೇ ದಿನ ಬಂಧನಕ್ಕೆ ಒಳಗಾದರು. ಆಮೇಲೆ ಮುಷ್ಕರ ಮಾಡಿದ ಡಾಕ್ಟರುಗಳು, ಮೇಷ್ಟ್ರುಗಳು, ಪತ್ರಕರ್ತರು, ಫೇಸ್‌ಬುಕ್‌ನಲ್ಲಿ ಎರಡು ಸಾಲು ಬರೆದವರು, ಎಲ್ಲರೂ ಜೈಲು ಸೇರಿದರು. ಹಳೆಯ ರಾಜಕೀಯ ಕೈದಿಗಳೇ 2000ದಲ್ಲಿ ಕಟ್ಟಿಕೊಂಡ ಎಎಪಿಪಿ ಎಂಬ ಸಂಘಟನೆ ಒಬ್ಬೊಬ್ಬರ ಹೆಸರನ್ನೂ ಬರೆದಿಡುತ್ತಿದೆ. ಅದರ ಲೆಕ್ಕದ ಪ್ರಕಾರ 2025ರ ಆರಂಭದ ಹೊತ್ತಿಗೆ 28 ಸಾವಿರಕ್ಕೂ ಹೆಚ್ಚು ಜನರ ಬಂಧನವಾಗಿತ್ತು. ಅವರಲ್ಲಿ 20 ಸಾವಿರಕ್ಕೂ ಹೆಚ್ಚು ಜನ ಇನ್ನೂ ಒಳಗೇ ಇದ್ದರು.

2022ರ ಜುಲೈನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಅವರಲ್ಲಿ ಒಬ್ಬರು ಫ್ಯೋ ಝೆಯಾ ಥಾ, ಸಂಸದರಾಗಿದ್ದವರು, ಹಿಪ್-ಹಾಪ್ ಹಾಡುಗಾರ. ಇನ್ನೊಬ್ಬರು ಕೋ ಜಿಮ್ಮಿ, 1988ರ ವಿದ್ಯಾರ್ಥಿ ಚಳವಳಿಯ ಮುಂದಾಳು. ಆ ದೇಶದಲ್ಲಿ ದಶಕಗಳಿಂದ ಯಾರನ್ನೂ ಗಲ್ಲಿಗೇರಿಸಿರಲಿಲ್ಲ. ಅದೇ ವರ್ಷ ಡಿಸೆಂಬರ್ 21ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2669ನೇ ನಿರ್ಣಯ ಅಂಗೀಕರಿಸಿ, ಮನಬಂದಂತೆ ಬಂಧಿಸಿದವರನ್ನೆಲ್ಲ ಬಿಡಿ ಎಂದಿತು. ಪರವಾಗಿ 12 ಮತ. ಚೀನಾ, ರಷ್ಯಾ, ಭಾರತ ಮತ ಹಾಕದೆ ಸುಮ್ಮನಿದ್ದವು. ಆ ತಿಂಗಳು ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿ ಇದ್ದದ್ದು ಭಾರತವೇ. ಇದನ್ನು ನೆನಪಿಟ್ಟುಕೊಳ್ಳಿ, ಸಂಸದರ ಬಳಿ ಹೋಗುವಾಗ ಬೇಕಾಗುತ್ತದೆ.

"ನಮಗ್ಯಾಕೆ ಬರ್ಮಾ?" ಎಂದು ಕೇಳುವವರಿಗೆ

ಕೇಳಿಯೇ ಕೇಳುತ್ತಾರೆ. ಸಕಲೇಶಪುರ, ಆಲೂರಿನ ಕಡೆ ಕಾಡಾನೆ ತೋಟಕ್ಕೆ ನುಗ್ಗುತ್ತಿರುವಾಗ ಇವರಿಗೆ ಬರ್ಮಾದ ಚಿಂತೆ ಎನ್ನುತ್ತಾರೆ. ಅದರಲ್ಲಿ ತಪ್ಪಿಲ್ಲ. ಉತ್ತರ ನಿಮ್ಮ ಹತ್ತಿರ ಇರಬೇಕು ಅಷ್ಟೆ.

ಸುಲಭದ ಉತ್ತರ ಉದ್ದಿನಬೇಳೆ. ಸೇನೆಯ ದಂಗೆಯಾಗಿ ಇನ್ನೂ ಆರು ತಿಂಗಳಾಗಿರಲಿಲ್ಲ, 2021ರ ಜೂನ್‌ನಲ್ಲಿ ಭಾರತ ಮ್ಯಾನ್ಮಾರ್ ಜೊತೆ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ, ಐದು ವರ್ಷ. ನಮ್ಮ ಇಡ್ಲಿ ದೋಸೆ ಹಿಟ್ಟಿನಲ್ಲಿ ಆ ದೇಶದ ಪಾಲೂ ಇದೆ. (ಹಾಗಂತ ಬೇಳೆ ಬಹಿಷ್ಕಾರಕ್ಕೆ ಇಳಿಯಬೇಡಿ. ಅಂಗಡಿಯಲ್ಲಿ ಯಾವುದು ಎಲ್ಲಿಯದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಹೊಡೆತ ಬಿದ್ದರೆ ಅದು ಅಲ್ಲಿನ ರೈತನಿಗೆ.)

ಇನ್ನೊಂದು ಉತ್ತರ ನಮ್ಮ ಕೋರ್ಟಿನಲ್ಲೇ ಇದೆ. 1937ರವರೆಗೆ ಬರ್ಮಾ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯ. ಅವರ ದಂಡ ಸಂಹಿತೆ 2024ರವರೆಗೆ ನಮ್ಮಲ್ಲಿದ್ದ 1860ರ ಐಪಿಸಿಯ ಅಣ್ಣತಮ್ಮ. ಹಾಸನದ ಯಾವುದೇ ಹಿರಿಯ ಲಾಯರ್ ಮುಂದೆ ಅಲ್ಲಿನ ಒಂದು ಆರೋಪಪಟ್ಟಿಯ ವಿವರ ಇಟ್ಟು ನೋಡಿ. 505ನೇ ಸೆಕ್ಷನ್ ಎಂದ ಕೂಡಲೇ "ಸುಳ್ಳು ಸುದ್ದಿ, ಭಯ ಹುಟ್ಟಿಸೋದು ಅಲ್ವಾ?" ಎನ್ನುತ್ತಾರೆ. 124-ಎ ಎಂದರೆ ರಾಜದ್ರೋಹ ಎಂದು ಅವರಿಗೆ ಹೇಳಿಕೊಡಬೇಕಿಲ್ಲ. 1908ರಲ್ಲಿ ತಿಲಕರಿಗೆ ಶಿಕ್ಷೆ ಕೊಟ್ಟು ಮಂಡಾಲೆ ಜೈಲಿಗೆ ಕಳಿಸಿದ ಸೆಕ್ಷನ್ ಅದು. ಮಂಡಾಲೆ ಇರುವುದು ಬರ್ಮಾದಲ್ಲೇ.

ತಿಲಕರ ಕಥೆಯಲ್ಲಿ ಇನ್ನೂ ಒಂದಿದೆ. 1897ರಲ್ಲಿ ಅವರಿಗೆ ಮೊದಲ ಬಾರಿ ರಾಜದ್ರೋಹದ ಶಿಕ್ಷೆಯಾಯಿತು, 18 ತಿಂಗಳು. ಆಗ ಇಂಗ್ಲೆಂಡಿನಲ್ಲಿ ಕೂತಿದ್ದ ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಮತ್ತಿತರರು ಬಿಡುಗಡೆಗೆ ಮನವಿ ಸಲ್ಲಿಸಿದರು. 1898ರ ಸೆಪ್ಟೆಂಬರ್‌ನಲ್ಲಿ, ಅವಧಿ ಮುಗಿಯುವ ಮೊದಲೇ, ತಿಲಕರು ಹೊರಬಂದರು. ದೂರದ ಪರಕೀಯರು ಬರೆದ ಪತ್ರಕ್ಕೂ ಬೆಲೆ ಇರುತ್ತದೆ ಎನ್ನುವುದಕ್ಕೆ ನಮ್ಮದೇ ಉದಾಹರಣೆ.

ಹತ್ತಿರದ್ದು ಬೇಕಿದ್ದರೆ ತುರ್ತು ಪರಿಸ್ಥಿತಿ ಇದೆ. ಅದು ಸೇನಾಡಳಿತ ಅಲ್ಲ, ಎರಡನ್ನೂ ಒಂದೇ ಎನ್ನಬೇಡಿ. ಆದರೆ ವಿಚಾರಣೆಯಿಲ್ಲದೆ ಒಳಗೆ ಹಾಕುವುದು ಹೇಗಿರುತ್ತದೆ ಎಂದು ಈ ಜಿಲ್ಲೆಯ ಹಿರಿಯರಿಗೆ ಗೊತ್ತು. ಹೊಳೆನರಸೀಪುರದ ಎಚ್.ಡಿ. ದೇವೇಗೌಡರು ಆಗ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿದ್ದರು. ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. 1976ರ ಜೂನ್‌ನಲ್ಲಿ ಕಲ್ಕತ್ತಾದಲ್ಲಿ ಜಾರ್ಜ್ ಫರ್ನಾಂಡಿಸ್ ಸಿಕ್ಕಿಬಿದ್ದಾಗ ವಿಲ್ಲಿ ಬ್ರಾಂಟ್, ಓಲೋಫ್ ಪಾಲ್ಮೆ, ಬ್ರೂನೋ ಕ್ರೈಸ್ಕಿಯಂಥ ಯುರೋಪಿನ ಸಮಾಜವಾದಿ ನಾಯಕರು ಅವರ ಜೀವಕ್ಕೆ ಅಪಾಯವಾಗಬಾರದೆಂದು ಇಂದಿರಾ ಗಾಂಧಿಯವರಿಗೆ ಹೇಳಿದ್ದರು. ಮುಂದೆ ಇದೇ ಜಾರ್ಜ್ ರಕ್ಷಣಾ ಸಚಿವರಾದಾಗ ಅವರ ದೆಹಲಿ ಮನೆಯಲ್ಲಿ ಬರ್ಮಾದ ವಿದ್ಯಾರ್ಥಿ ಹೋರಾಟಗಾರರು ತಂಗಿದ್ದರು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ವಿರುದ್ಧ ಪ್ರಚಾರ ಮಾಡಿದ ಜಾರ್ಜ್ ಅಲ್ಲಿನ ಹಿರಿಯರಿಗೆ ಇನ್ನೂ ನೆನಪಿರುತ್ತಾರೆ. ಮಾತು ಶುರು ಮಾಡಲು ಇಷ್ಟು ಸಾಕು.

ಹೆಜ್ಜೆ 1: ಒಬ್ಬರನ್ನೇ ಹಿಡಿಯಿರಿ

"ಎಲ್ಲ ರಾಜಕೀಯ ಕೈದಿಗಳನ್ನೂ ಬಿಡಿ" ಎಂದು ಫ್ಲೆಕ್ಸ್ ಹಾಕುವುದು ಸುಲಭ. ಅದಕ್ಕೆ ಉತ್ತರ ಕೊಡುವ ಹೊಣೆ ಯಾರ ಮೇಲೂ ಬೀಳುವುದಿಲ್ಲ. ಇಂಥ ಊರಿನ, ಇಂಥ ಜೈಲಿನಲ್ಲಿರುವ, ಇಂಥ ಶಿಕ್ಷಕಿ ಎಂದು ಕೇಳಿದರೆ ಯಾರಾದರೂ ಫೈಲು ತೆಗೆಯಬೇಕಾಗುತ್ತದೆ. 1961ರಲ್ಲಿ ಪೀಟರ್ ಬೆನೆನ್‌ಸನ್ ಲಂಡನ್ನಿನ ಪತ್ರಿಕೆಯೊಂದರಲ್ಲಿ ಬರೆದ ಲೇಖನದಿಂದ ಹುಟ್ಟಿದ ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ ಬೆಳೆದದ್ದೂ ಹೀಗೇ. ಒಂದೊಂದು ಊರಿನ ಗುಂಪು ಕೆಲವೇ ಹೆಸರು ಹಿಡಿದು, ಬಿಡದೆ ಬರೆಯುತ್ತಿತ್ತು.

ಯಾರನ್ನು ಆರಿಸುವುದು? ತುಂಬ ಪ್ರಸಿದ್ಧರು ಬೇಡ. ಸೂಚಿಯವರ ಹೆಸರು ಜಗತ್ತಿಗೇ ಗೊತ್ತು, ಹಾಸನದ ಹತ್ತು ಜನ ಸೇರಿಸುವಂಥದ್ದು ಅಲ್ಲಿ ಏನೂ ಇಲ್ಲ. ಹಾಗೆಂದು ಎಲ್ಲೂ ಹೆಸರೇ ಬಾರದವರನ್ನು ನೀವಾಗಿ ಹುಡುಕಿ ಬೆಳಕಿಗೆ ತರುವುದೂ ಅಪಾಯ. ಎಎಪಿಪಿಯ ಪಟ್ಟಿಯಲ್ಲಿರುವ, ಬರ್ಮಾದ ಪತ್ರಿಕೆಗಳಲ್ಲಿ ಈಗಾಗಲೇ ಸುದ್ದಿಯಾಗಿರುವ, ಆದರೆ ಹೊರಗಿನವರು ಯಾರೂ ಹಿಡಿದುಕೊಳ್ಳದ ಹೆಸರು ಒಳ್ಳೆಯದು. ನಿಮ್ಮ ಗುಂಪಿಗೆ ಹೊಂದುವವರಾದರೆ ಇನ್ನೂ ಮೇಲು. ಗುಂಪಿನಲ್ಲಿ ನರ್ಸುಗಳಿದ್ದರೆ ನರ್ಸ್, ಪತ್ರಕರ್ತರಿದ್ದರೆ ಪತ್ರಕರ್ತ. ಸಾಯಿ ಝಾ ಥೈಕೆ ಎಂಬ ಫೋಟೋ ಪತ್ರಕರ್ತರ ಪ್ರಕರಣ ನೋಡಿ. 2023ರ ಮೇ ತಿಂಗಳಲ್ಲಿ ಮೋಚಾ ಚಂಡಮಾರುತದ ಹಾನಿ ವರದಿ ಮಾಡಲು ಕರಾವಳಿ ನಗರ ಸಿತ್ವೆಗೆ ಹೋದರು. ಸೆಪ್ಟೆಂಬರ್‌ನಲ್ಲಿ 20 ವರ್ಷ ಶಿಕ್ಷೆಯಾಯಿತು. ಮಳೆಹಾನಿ ವರದಿ ಮಾಡಿ ಅಭ್ಯಾಸವಿರುವ ಮಲೆನಾಡಿನ ಯಾವ ವರದಿಗಾರನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲೇ ಒಂದು ಕಷ್ಟದ ತೀರ್ಮಾನವೂ ಇದೆ. ದಂಗೆಯ ನಂತರ ಬರ್ಮಾದ ಎಷ್ಟೋ ಯುವಕರು ಬಂದೂಕು ಹಿಡಿದಿದ್ದಾರೆ. ಹಿಂಸೆಯ ಆರೋಪ ಇರುವವರನ್ನು ನಿಮ್ಮ ಗುಂಪು ತೆಗೆದುಕೊಳ್ಳುತ್ತದೆಯೇ? ನನ್ನ ಅಭಿಪ್ರಾಯ ಹೇಳುತ್ತೇನೆ. ಹೊಸ ಗುಂಪು ಹಿಂಸೆಯ ಸೋಂಕಿಲ್ಲದ ಪ್ರಕರಣದಿಂದ ಶುರು ಮಾಡಲಿ. ಮುಂದೆ ಬೇರೆ ಥರದ್ದು ಬಂದರೆ "ಬಿಡುಗಡೆ ಮಾಡಿ" ಎನ್ನುವ ಬದಲು ಚಿತ್ರಹಿಂಸೆ ಬೇಡ, ಗಲ್ಲು ಬೇಡ, ನ್ಯಾಯವಾದ ವಿಚಾರಣೆ ಆಗಲಿ ಎಂದು ಕೇಳಬಹುದು. ಇದನ್ನು ಮೊದಲ ಸಭೆಯಲ್ಲೇ ಚರ್ಚಿಸಿ ಬರೆದಿಡಿ. ಆಮೇಲೆ ಜಗಳವಾಡುವುದಕ್ಕಿಂತ ಇದು ವಾಸಿ.

ಹೆಜ್ಜೆ 2: ಮನೆಯವರು ಹೂಂ ಎನ್ನದೆ ಒಂದಕ್ಷರ ಬರೆಯಬೇಡಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ನಮ್ಮ ಗದ್ದಲದಿಂದ ಒಳಗಿರುವವರಿಗೆ ಏಟು ಬೀಳಬಹುದು, ದೂರದ ಜೈಲಿಗೆ ಎತ್ತಂಗಡಿಯಾಗಬಹುದು, ಹೊರಗಿರುವ ತಮ್ಮನೋ ತಂಗಿಯೋ ಸಿಕ್ಕಿಕೊಳ್ಳಬಹುದು. ಸೇನೆಯ ಪರವಾಗಿರುವ ಟೆಲಿಗ್ರಾಂ ಚಾನೆಲ್‌ಗಳು ಜನರ ಫೋಟೋ, ವಿಳಾಸ ಹಾಕಿ ಹಿಡಿಸಿದ ಉದಾಹರಣೆಗಳಿವೆ. ಕೆಲವು ಮನೆಯವರು ಒಳಗಿಂದೊಳಗೆ ಯಾರ ಮೂಲಕವೋ ಮಾತಾಡಿ ಬಿಡಿಸಿಕೊಳ್ಳುವ ಪ್ರಯತ್ನದಲ್ಲಿರುತ್ತಾರೆ. ಅದನ್ನು ಕೆಡಿಸುವ ಹಕ್ಕು ನಮಗಿಲ್ಲ.

ಫೇಸ್‌ಬುಕ್‌ನಲ್ಲಿ ಹುಡುಕಿ ನೇರವಾಗಿ ಅವರಿಗೆ ಮೆಸೇಜ್ ಹಾಕಬೇಡಿ. ವಿದೇಶದಿಂದ ಬಂದ ಒಂದು ಮೆಸೇಜೇ ಅವರಿಗೆ ಕೇಸಾಗಬಹುದು. ಎಎಪಿಪಿಯಂಥ ಸಂಘಟನೆಯ ಮೂಲಕವೋ, ಕೈದಿ ಪತ್ರಕರ್ತರಾದರೆ ಅವರ ಪತ್ರಿಕೆಯ ಮೂಲಕವೋ ಕೇಳಿ. ನಾಲ್ಕು ಪ್ರಶ್ನೆ ಸಾಕು: ಹೆಸರು ಬಳಸಬಹುದೇ? ಫೋಟೋ ಬಳಸಬಹುದೇ? ಕಾಯಿಲೆಯ ವಿಷಯ ಹೇಳಬಹುದೇ? ಯಾರಿಗೆ ಬರೆದರೆ ತೊಂದರೆಯಾಗುತ್ತದೆ? ಉತ್ತರ ಬರಲು ತಿಂಗಳುಗಟ್ಟಲೆ ಹಿಡಿಯಬಹುದು. ಬರದಿದ್ದರೆ ಬೇರೆ ಹೆಸರು ನೋಡಿ. ಮಧ್ಯದಲ್ಲಿ "ಇನ್ನು ಸಾಕು ನಿಲ್ಲಿಸಿ" ಎಂದು ಹೇಳಿ ಕಳಿಸಿದರೆ ಅದೇ ದಿನ ನಿಲ್ಲಿಸಬೇಕು, ಕಾರಣ ಕೇಳಬಾರದು.

ಹೆಜ್ಜೆ 3: ಒಂದು ಪುಟದ ವಿವರ

ಒಂದೇ ಪುಟ. ಅದರಲ್ಲಿ ಇರಬೇಕಾದದ್ದು: ಹೆಸರು, ವಯಸ್ಸು, ತಂದೆಯ ಹೆಸರು, ಊರು, ಕೆಲಸ, ಬಂಧನದ ದಿನ ಮತ್ತು ಜಾಗ, ಯಾವ ಸೆಕ್ಷನ್, ಯಾವ ಕೋರ್ಟು, ಶಿಕ್ಷೆ ಎಷ್ಟು, ಈಗ ಯಾವ ಜೈಲು, ಆರೋಗ್ಯ, ಲಾಯರ್ ಇದ್ದಾರೋ ಇಲ್ಲವೋ. ಪ್ರತಿ ಸಾಲಿನ ಮುಂದೆ ಇದು ಎಲ್ಲಿಂದ ಗೊತ್ತಾಯಿತು, ಯಾವ ದಿನಾಂಕದ ಮಾಹಿತಿ ಎಂದು ಬರೆಯಿರಿ.

ತಂದೆಯ ಹೆಸರು ಯಾಕೆಂದರೆ ಬರ್ಮಾದಲ್ಲಿ ಮನೆತನದ ಹೆಸರಿಲ್ಲ, ಒಂದೇ ಹೆಸರಿನವರು ಒಂದೇ ಜೈಲಿನಲ್ಲಿ ಹಲವರಿರುತ್ತಾರೆ. ಹೆಸರಿನ ಹಿಂದಿನ 'ಊ', 'ಡಾ', 'ಕೋ', 'ಮಾ' ಎನ್ನುವವು ನಮ್ಮ 'ಶ್ರೀ', 'ಶ್ರೀಮತಿ' ಇದ್ದ ಹಾಗೆ. ಅವನ್ನು ಇನಿಶಿಯಲ್ ಎಂದುಕೊಂಡು ಪತ್ರ ಬರೆದರೆ ನಗೆಪಾಟಲು.

ಸೆಕ್ಷನ್‌ಗಳ ಬಗ್ಗೆ ಲಾಯರ್ ಒಬ್ಬರನ್ನು ಕೂರಿಸಿಕೊಳ್ಳಿ. ದಂಗೆಯಾದ ಎರಡೇ ವಾರಕ್ಕೆ ಸೇನೆ 505-ಎ ಎಂಬ ಹೊಸ ಸೆಕ್ಷನ್ ಸೇರಿಸಿತು. ಭಯ ಹುಟ್ಟಿಸುವುದು, ಸುಳ್ಳು ಸುದ್ದಿ ಹರಡುವುದು, ಇದಕ್ಕೆಲ್ಲ 3 ವರ್ಷದವರೆಗೆ ಶಿಕ್ಷೆ. ಇದಲ್ಲದೆ ನಿಷೇಧಿತ ಸಂಘಗಳ 1908ರ ಕಾಯ್ದೆಯ 17(1), ಭಯೋತ್ಪಾದನೆ ತಡೆಯ 2014ರ ಕಾಯ್ದೆ, ಇವೇ ಹೆಚ್ಚಾಗಿ ಕಾಣಿಸುತ್ತವೆ. ಕೈದಿಯ ಮೇಲೆ ಎರಡು ಮೂರು ಕೇಸು ಇದ್ದು, ಒಂದರಲ್ಲಿ ಅವಧಿ ಮುಗಿದ ಮೇಲೆ ಇನ್ನೊಂದು ಶುರುವಾಗುವುದೂ ಉಂಟು. ಅದನ್ನು ತಿಳಿಯದೆ "ಅವಧಿ ಮುಗಿದರೂ ಬಿಟ್ಟಿಲ್ಲ" ಎಂದು ಬರೆದರೆ ರಾಯಭಾರ ಕಚೇರಿಯವರು ಆ ಒಂದು ತಪ್ಪನ್ನೇ ಹಿಡಿದುಕೊಂಡು ಉಳಿದದ್ದನ್ನು ಪಕ್ಕಕ್ಕಿಡುತ್ತಾರೆ.

ಹೆಜ್ಜೆ 4: ಜನ

ಆರೇಳು ಜನ ಸಾಕು. ಒಬ್ಬರು ಕಡತ ನೋಡಿಕೊಳ್ಳಲಿ, ಒಬ್ಬರು ಪತ್ರ, ಒಬ್ಬರು ಪತ್ರಿಕೆಯವರು ಮತ್ತು ಸಂಸದರ ಕಚೇರಿ, ಒಬ್ಬರು ಲೆಕ್ಕ. ಯಾವ ಪಕ್ಷದ ಪದಾಧಿಕಾರಿಯೂ ಮುಂದಾಳಾಗುವುದು ಬೇಡ. ಸದಸ್ಯರಾಗಿ ಎಲ್ಲ ಪಕ್ಷದವರೂ ಇರಲಿ. ಸರ್ಕಾರಿ ನೌಕರರು ಸಹಿ ಹಾಕುವ ಮುನ್ನ ತಮ್ಮ ನಡತೆ ನಿಯಮ ಓದಿಕೊಳ್ಳಲಿ. ಹಾಕಲಾಗದವರು ಮನೆಯಲ್ಲಿ ಕೂತು ವಿಳಾಸ ಬರೆದುಕೊಟ್ಟರೂ ಅದು ಕೆಲಸವೇ.

ಹೆಜ್ಜೆ 5: ಪತ್ರ

ಸಿಟ್ಟು ಬೇಡ, ಬೈಗುಳ ಬೇಡ, ರಾಜಕೀಯ ಭಾಷಣ ಬೇಡ. ಪತ್ರ ಮೊದಲು ಬಿಚ್ಚುವುದು ಒಬ್ಬ ಗುಮಾಸ್ತ. ಅವನು ಮೇಲಿನವರಿಗೆ ಕೊಡಲು ನಾಚಿಕೊಳ್ಳದಂಥ ಪತ್ರ ಇರಬೇಕು. ಹೀಗೆ:

"ಮಾನ್ಯರೇ, ನಾನು ಕರ್ನಾಟಕದ ಹಾಸನ ಜಿಲ್ಲೆ ಬೇಲೂರಿನ ನಿವೃತ್ತ ಶಿಕ್ಷಕಿ. ನಿಮ್ಮ ದೇಶದ ……… ಊರಿನ ಶಿಕ್ಷಕಿ ……… (ತಂದೆ ………, ವಯಸ್ಸು ………) ಅವರನ್ನು ……… ರಂದು ಬಂಧಿಸಿ, 505-ಎ ಸೆಕ್ಷನ್ ಅಡಿ ……… ವರ್ಷ ಶಿಕ್ಷೆ ವಿಧಿಸಿರುವುದು ತಿಳಿಯಿತು. ಈಗ ಅವರು ……… ಜೈಲಿನಲ್ಲಿದ್ದಾರೆ. ಅವರು ಶಾಂತಿಯಿಂದ ತಮ್ಮ ಅಭಿಪ್ರಾಯ ಹೇಳಿದ್ದನ್ನು ಬಿಟ್ಟರೆ ಬೇರೆ ಆರೋಪವಿಲ್ಲ. ಅವರನ್ನು ಷರತ್ತಿಲ್ಲದೆ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ಡಾಕ್ಟರನ್ನು ಕಾಣಲು, ಮನೆಯವರನ್ನು ಭೇಟಿಯಾಗಲು ಅವಕಾಶ ಕೊಡಿ. ಪತ್ರ ತಲುಪಿದ ಬಗ್ಗೆ ಎರಡು ಸಾಲು ಬರೆದು ತಿಳಿಸಿದರೆ ಉಪಕಾರವಾಗುತ್ತದೆ."

ಇಷ್ಟೇ. ಇಂಗ್ಲಿಷ್‌ಗೆ ಮಾಡಿಸಿ ಕಳಿಸಿ, ಸಹಿ ಕನ್ನಡದಲ್ಲೇ ಇರಲಿ. ಇನ್ನೂರು ಜನ ಒಂದೇ ಝೆರಾಕ್ಸ್ ಪ್ರತಿಗೆ ಸಹಿ ಹಾಕುವುದಕ್ಕಿಂತ ಇಪ್ಪತ್ತು ಜನ ತಮ್ಮ ಕೈಬರಹದಲ್ಲಿ ಬರೆದದ್ದು ಮೇಲು. ತಾನು ಯಾರು ಎಂದು ಹೇಳುವ ಮೊದಲ ಸಾಲನ್ನು ಪ್ರತಿಯೊಬ್ಬರೂ ತಮ್ಮದೇ ಮಾತಿನಲ್ಲಿ ಬರೆಯಲಿ. ಕಾಫಿ ಬೆಳೆಗಾರ, ಟೈಲರ್, ಕಾಲೇಜು ಹುಡುಗಿ, ಹೀಗೆ.

ಅಂಚೆ ಕಾರ್ಡನ್ನು ಮರೆಯಬೇಡಿ. ರಾಯಭಾರ ಕಚೇರಿ ದೆಹಲಿಯ ಚಾಣಕ್ಯಪುರಿಯಲ್ಲಿದೆ, ಆದ್ದರಿಂದ ನಮ್ಮ ದೇಶದೊಳಗಿನ 50 ಪೈಸೆ ಕಾರ್ಡೇ ಸಾಕು. ಕಾರ್ಡಿನ ಗುಣ ಏನೆಂದರೆ ಮುಚ್ಚುಮರೆ ಇಲ್ಲ, ದಾರಿಯಲ್ಲಿ ಕೈಯಾಡಿಸಿದವರೆಲ್ಲ ಆ ಹೆಸರು ಓದುತ್ತಾರೆ. ಮುಖ್ಯವಾದ ಪತ್ರಗಳಿಗೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅದರಲ್ಲೇ ಸೇರಿಹೋಗಿದೆ.

ಹೆಜ್ಜೆ 6: ಯಾರಿಗೆ ಬರೆಯುವುದು

ರಾಯಭಾರಿಗೆ ಒಂದು. ಅದಕ್ಕೆ ಉತ್ತರ ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ.

ಹೆಚ್ಚು ಗಮನ ಕೊಡಬೇಕಾದದ್ದು ನಮ್ಮ ಸರ್ಕಾರಕ್ಕೆ. ಮ್ಯಾನ್ಮಾರ್ ಜೊತೆ ನಮಗೆ 1,643 ಕಿ.ಮೀ. ಗಡಿ ಇದೆ, ಸಿತ್ವೆಯಲ್ಲಿ ಬಂದರು ಕಟ್ಟಿಕೊಟ್ಟಿದ್ದೇವೆ, ಬೇಳೆ ವ್ಯಾಪಾರವಿದೆ. ಯುರೋಪಿನವರ ಫೋನು ಎತ್ತದ ಜನರಲ್‌ಗಳು ದೆಹಲಿಯ ಫೋನು ಎತ್ತುತ್ತಾರೆ. ಹಾಗಾಗಿ ವಿದೇಶಾಂಗ ಸಚಿವರಿಗೆ ಬರೆಯುವ ಪತ್ರದಲ್ಲಿ ಕೇಳಬೇಕಾದದ್ದು ಒಂದೇ: ಮುಂದಿನ ಮಾತುಕತೆಯಲ್ಲಿ ಈ ಹೆಸರನ್ನು ಎತ್ತಿ.

ಆಮೇಲೆ ಸಂಸದರು. ಹಾಸನದವರಿಗೆ ಹಾಸನ ಕ್ಷೇತ್ರ. ಚಿಕ್ಕಮಗಳೂರಿನವರಿಗೆ ಉಡುಪಿ-ಚಿಕ್ಕಮಗಳೂರು. ಕಡೂರಿನವರು ಜಿಲ್ಲೆ ಚಿಕ್ಕಮಗಳೂರಾದರೂ ಲೋಕಸಭೆಗೆ ಹಾಸನಕ್ಕೆ ಸೇರುತ್ತಾರೆ, ಇದನ್ನು ಮರೆತು ಬೇರೆ ಕಚೇರಿ ಮುಂದೆ ಕಾಯಬೇಡಿ. ಸಂಸದರ ಬಳಿ "ಏನಾದ್ರೂ ಮಾಡಿ ಸಾರ್" ಎಂದರೆ "ನೋಡೋಣ" ಎನ್ನುತ್ತಾರೆ. ಅದರ ಬದಲು ಪ್ರಶ್ನೆಯನ್ನೇ ಬರೆದುಕೊಂಡು ಹೋಗಿ. ಲೋಕಸಭೆಯ ಪ್ರಶ್ನೆ 150 ಪದ ಮೀರಬಾರದು, ಕನಿಷ್ಠ 15 ಪೂರ್ಣ ದಿನ ಮೊದಲು ನೋಟಿಸ್ ಕೊಡಬೇಕು. ಮೂರು ಭಾಗ ಸಾಕು: 2669ನೇ ನಿರ್ಣಯದ ನಂತರ ರಾಜಕೀಯ ಕೈದಿಗಳ ವಿಷಯವನ್ನು ಭಾರತ ಮ್ಯಾನ್ಮಾರ್ ಜೊತೆ ಎತ್ತಿದೆಯೇ, ಎತ್ತಿದ್ದರೆ ಯಾವಾಗ, ಇಂಥ ಹೆಸರಿನವರ ಬಗ್ಗೆ ಮಾಹಿತಿ ಇದೆಯೇ. ಚುಕ್ಕೆ ಗುರುತಿಲ್ಲದ ಪ್ರಶ್ನೆಯಾದರೆ ಲಿಖಿತ ಉತ್ತರ ಬರುತ್ತದೆ. ಉತ್ತರ ಪೇಲವವಾಗಿದ್ದರೂ ಪರವಾಗಿಲ್ಲ, ಹೆಸರು ಸಂಸತ್ತಿನ ದಾಖಲೆಗೆ ಹೋಗಿರುತ್ತದೆ. ಸಂಸದರ ಆಪ್ತ ಸಹಾಯಕರ ಪರಿಚಯ ಮಾಡಿಕೊಳ್ಳಿ, ಕೆಲಸ ಆಗುವುದು ಅಲ್ಲಿ. ಆರ್‌ಟಿಐಗೆ 10 ರೂಪಾಯಿ ಖರ್ಚು ಮಾಡಬಹುದು. ಆದರೆ ವಿದೇಶ ಸಂಬಂಧದ ಮಾಹಿತಿಗೆ ಕಾಯ್ದೆಯ 8ನೇ ಸೆಕ್ಷನ್‌ನಲ್ಲೇ ವಿನಾಯಿತಿ ಇದೆ, ಜಾಸ್ತಿ ಆಸೆ ಬೇಡ.

ಇನ್ನು ಜಿನೀವಾ. ವಿಶ್ವಸಂಸ್ಥೆಯಲ್ಲಿ ಮನಬಂದಂತೆ ಮಾಡುವ ಬಂಧನಗಳನ್ನು ನೋಡುವ ಐವರು ತಜ್ಞರ ಕಾರ್ಯತಂಡವಿದೆ, 1991ರಲ್ಲಿ ಶುರುವಾದದ್ದು. ಅದಕ್ಕೊಂದು ಪ್ರಶ್ನಾವಳಿ ಇದೆ, ನಿಮ್ಮ ಒಂದು ಪುಟದ ವಿವರ ಸರಿಯಾಗಿದ್ದರೆ ಅದರಲ್ಲಿ ಬಹುಪಾಲು ತುಂಬುತ್ತದೆ. ಆ ದೇಶದ ಎಲ್ಲ ಕೋರ್ಟುಗಳ ಮೆಟ್ಟಿಲು ಹತ್ತಿ ಮುಗಿಸಿರಬೇಕು ಎಂಬ ನಿಯಮ ಇಲ್ಲಿಲ್ಲ. ದೂರು ಹೋದ ಮೇಲೆ ಆ ಸರ್ಕಾರಕ್ಕೆ 60 ದಿನ ಸಮಯ ಕೊಟ್ಟು ಉತ್ತರ ಕೇಳುತ್ತಾರೆ, ಆಮೇಲೆ ಬಂಧನ ಸರಿಯೋ ತಪ್ಪೋ ಎಂದು ಅಭಿಪ್ರಾಯ ಬರೆಯುತ್ತಾರೆ. ಜೀವಕ್ಕೆ ಅಪಾಯವಿದ್ದರೆ ತುರ್ತು ಮನವಿಯ ದಾರಿ ಬೇರೆ ಇದೆ. ಅಭಿಪ್ರಾಯವನ್ನು ಜನರಲ್‌ಗಳು ಪಾಲಿಸಲೇಬೇಕೆಂದೇನೂ ಇಲ್ಲ. ಆದರೆ ವಿಶ್ವಸಂಸ್ಥೆಯೇ ತಪ್ಪು ಎಂದಿದೆ ಎಂಬ ಒಂದು ಸಾಲು ಮುಂದಿನ ಪತ್ರಗಳ ತೂಕ ಹೆಚ್ಚಿಸುತ್ತದೆ. ಎಎಪಿಪಿ ಅಥವಾ ಬೇರೆಯವರು ಈಗಾಗಲೇ ದೂರು ಕೊಟ್ಟಿದ್ದಾರೆಯೇ ಎಂದು ಮೊದಲು ಕೇಳಿ. ಕೊಟ್ಟಿದ್ದರೆ ನೀವು ಇನ್ನೊಂದು ಕೊಡಬೇಡಿ.

ಹೆಜ್ಜೆ 7: ಊರಿನಲ್ಲಿ

ಹಾಸನದಲ್ಲಿ ಹೇಮಾವತಿ ಪ್ರತಿಮೆ, ಚಿಕ್ಕಮಗಳೂರಿನಲ್ಲಿ ಆಜಾದ್ ಪಾರ್ಕ್. ಎಲ್ಲ ಪ್ರತಿಭಟನೆಗಳೂ ಅಲ್ಲೇ. ನನ್ನ ಸಲಹೆ: ಘೋಷಣೆ ಕೂಗುವ ಪ್ರತಿಭಟನೆಗಿಂತ ಒಂದು ಮೇಜು ಹಾಕಿ ಕಾರ್ಡು ಬರೆಸುವುದು ಒಳ್ಳೆಯದು. ಠಾಣೆಗೆ ಮುಂಚೆಯೇ ಅರ್ಜಿ ಕೊಟ್ಟು, ದಿನ, ಸಮಯ, ಎಷ್ಟು ಜನ, ಮೈಕು ಇದೆಯೋ ಇಲ್ಲವೋ ಬರೆದು ಸ್ವೀಕೃತಿ ಪಡೆಯಿರಿ. ನಿಷೇಧಾಜ್ಞೆ ಇದ್ದರೆ ಮುಂದೂಡಿ. ಯಾವ ದೇಶದ ಬಾವುಟವನ್ನೂ ಸುಡುವುದು, ಪ್ರತಿಕೃತಿ ದಹಿಸುವುದು ಬೇಡ. ಮರುದಿನ ಪತ್ರಿಕೆಯಲ್ಲಿ ಬೆಂಕಿಯ ಫೋಟೋ ಬರುತ್ತದೆ, ಕೈದಿಯ ಹೆಸರು ಬರುವುದಿಲ್ಲ.

ಮೇಜಿನ ಮೇಲೆ ಕಾರ್ಡು, ಪೆನ್ನು, ವಿಳಾಸದ ಮಾದರಿ, ಮನೆಯವರು ಒಪ್ಪಿದ್ದರೆ ಒಂದು ಫೋಟೋ. ಮೊದಲು ಬರುವವರು ಕೇಳುವುದು "ಇದ್ ಯಾವ್ ಪಾರ್ಟೀದು ಸಾರ್?" ಎಂದು. "ಯಾವ ಪಾರ್ಟಿದೂ ಅಲ್ಲ" ಎಂದರೆ ನಂಬುವುದಿಲ್ಲ, ಕಾರ್ಡು ಕೈಗೆ ಕೊಡಿ, ಓದಿಕೊಳ್ಳಲಿ. ಬಸ್ಸಿಗೆ ಹೊರಟ ಅಜ್ಜಿಯೊಬ್ಬರು ಫೋಟೋ ನೋಡಿ "ಮದ್ವೆ ಆಗಿದ್ಯಾ ಈ ಹುಡ್ಗಿಗೆ, ಮಕ್ಳು ಯಾರ್ ನೋಡ್ಕತರೆ?" ಎಂದು ಕೇಳಬಹುದು. ಉತ್ತರ ಗೊತ್ತಿರಲಿ, ಹೇಳಲು ಒಪ್ಪಿಗೆಯೂ ಇರಲಿ. ಸಹಿ ಬಾರದವರ ಹೆಬ್ಬೆಟ್ಟೂ ನಡೆಯುತ್ತದೆ. ಜನರ ಫೋನ್ ನಂಬರ್ ಮಾತ್ರ ತೆಗೆದುಕೊಳ್ಳಬೇಡಿ, ನಿಮಗೆ ಅದು ಬೇಕಾಗಿಲ್ಲ.

"ನಮ್ಮ ದೇಶದ ಜೈಲಲ್ಲಿರೋರ ಬಗ್ಗೆ ಮಾತಾಡಲ್ವಾ?" ಎಂದೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮಾತಾಡಬೇಕು, ಅದಕ್ಕೆ ಬೇರೆ ವೇದಿಕೆಗಳಿವೆ, ನಿಮ್ಮಲ್ಲಿ ಕೆಲವರು ಅಲ್ಲೂ ಇರಬಹುದು ಎಂದು ನೇರವಾಗಿ ಹೇಳಿ. ಈ ಮೇಜಿನಲ್ಲಿ ಎರಡನ್ನೂ ಕಲಸಬೇಡಿ.

ಹೆಜ್ಜೆ 8: ಕ್ಯಾಲೆಂಡರ್ ನೋಡಿ

ಮ್ಯಾನ್ಮಾರ್‌ನಲ್ಲಿ ಬಿಡುಗಡೆಗಳು ಹಬ್ಬದ ಲೆಕ್ಕದಲ್ಲಿ ಆಗುತ್ತವೆ. ಜನವರಿ 4 ಸ್ವಾತಂತ್ರ್ಯ ದಿನ, ಏಪ್ರಿಲ್ ಮಧ್ಯದಲ್ಲಿ ಹೊಸ ವರ್ಷ, ಅಕ್ಟೋಬರ್ ಹೊತ್ತಿಗೆ ಥಡಿಂಜುತ್ ದೀಪಗಳ ಹಬ್ಬ. 2022ರ ನವೆಂಬರ್ 17ರಂದು ಅವರ ರಾಷ್ಟ್ರೀಯ ದಿನಕ್ಕೆ 5,774 ಜನರಿಗೆ ಕ್ಷಮಾದಾನ ಘೋಷಿಸಿದರು. ಹೆಚ್ಚಿನವರು ಸಾಮಾನ್ಯ ಕೈದಿಗಳು. ಆದರೆ ಅದರಲ್ಲೇ ಆಸ್ಟ್ರೇಲಿಯಾದ ಅರ್ಥಶಾಸ್ತ್ರಜ್ಞ ಶಾನ್ ಟರ್ನೆಲ್, ಜಪಾನಿನ ಚಿತ್ರ ನಿರ್ಮಾಪಕ ತೋರು ಕುಬೋಟಾ ಕೂಡ ಹೊರಬಂದರು. ಇಬ್ಬರ ಪರವಾಗಿಯೂ ಹೊರಗೆ ನಿರಂತರವಾಗಿ ದನಿ ಎತ್ತಲಾಗಿತ್ತು.

ಪಟ್ಟಿ ಹಬ್ಬದ ದಿನ ತಯಾರಾಗುವುದಿಲ್ಲ. ನಿಮ್ಮ ಪತ್ರಗಳು ಆರರಿಂದ ಎಂಟು ವಾರ ಮೊದಲು ತಲುಪಲಿ. ಇಲ್ಲಿ ನಮ್ಮ ಊರಿನ ಕ್ಯಾಲೆಂಡರ್ ಅಡ್ಡ ಬರುತ್ತದೆ. ಥಡಿಂಜುತ್ ಸಾಮಾನ್ಯವಾಗಿ ನಮ್ಮ ಶೀಗೆ ಹುಣ್ಣಿಮೆಯ ಹೊತ್ತಿಗೆ ಬೀಳುತ್ತದೆ, ಅದರ ಮುಂದಿನ ಗುರುವಾರ ಹಾಸನಾಂಬೆಯ ಬಾಗಿಲು ತೆರೆಯುತ್ತದೆ. ಆ ದಿನಗಳಲ್ಲಿ ಪೊಲೀಸರು ಸಿಗುವುದಿಲ್ಲ, ಅನುಮತಿ ಸಿಗುವುದಿಲ್ಲ, ಊರಿನಲ್ಲಿ ನಿಲ್ಲಲು ಜಾಗವಿಲ್ಲ. ಹಾಗಾಗಿ ಅಕ್ಟೋಬರ್‌ನ ಕೆಲಸ ಗಣಪತಿ ಹಬ್ಬದ ಮೊದಲೇ ಮುಗಿಸಿ. ಜನವರಿಯ ಕ್ಷಮಾದಾನಕ್ಕೆ ನವೆಂಬರ್‌ನಲ್ಲೇ ಬರೆಯಬೇಕು. ಅಷ್ಟರಲ್ಲಿ ಕಾಫಿ ಕೊಯ್ಲು ಶುರುವಾಗಿ ತೋಟದ ಕಡೆಯವರು ಕೈಗೆ ಸಿಗುವುದಿಲ್ಲ, ದೀಪಾವಳಿಗೆ ಅವರ ಮನೆಗೇ ಹೋಗಿ ಬರೆಸಿಕೊಂಡು ಬನ್ನಿ. ಜೂನ್‌ನಿಂದ ಆಗಸ್ಟ್‌ವರೆಗೆ ಮೂಡಿಗೆರೆ, ಸಕಲೇಶಪುರದ ಕಡೆ ಸಭೆ ಇಡುವುದು ವ್ಯರ್ಥ. ಮಳೆ, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಆ ತಿಂಗಳುಗಳನ್ನು ಕಡತ ಸರಿಮಾಡಿಕೊಳ್ಳಲು ಇಟ್ಟುಕೊಳ್ಳಿ.

ಹಣ, ಫೋನು

ವಿದೇಶದಿಂದ ಒಂದು ರೂಪಾಯಿಯೂ ತೆಗೆದುಕೊಳ್ಳಬೇಡಿ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದೆ ತೆಗೆದುಕೊಂಡರೆ ಅಪರಾಧ. ಕೈದಿಯ ಮನೆಗೆ ದುಡ್ಡು ಕಳಿಸುವ ಆಸೆಯೂ ಬೇಡ, ಅಲ್ಲಿ ಅದು ಅವರಿಗೇ ಉರುಳಾಗುತ್ತದೆ. ಈ ಕೆಲಸಕ್ಕೆ ಬೇಕಾದ ಖರ್ಚು ಕಾರ್ಡು, ಅಂಚೆ, ಝೆರಾಕ್ಸ್, ಕಾಫಿ. ಸದಸ್ಯರೇ ಹಾಕಿಕೊಳ್ಳಿ, ಒಂದು ನೋಟ್‌ಬುಕ್‌ನಲ್ಲಿ ಲೆಕ್ಕ ಬರೆಯಿರಿ.

ವಾಟ್ಸಾಪ್ ಗುಂಪಿನಲ್ಲಿ ಸಭೆಯ ಸಮಯ ಮಾತ್ರ ಹಾಕಿ. ಮನೆಯವರಿಂದ ಬಂದದ್ದು ಏನಿದ್ದರೂ ಇಬ್ಬರ ಬಳಿ ಮಾತ್ರ ಇರಲಿ, ಮೆಸೇಜ್ ಆ್ಯಪ್ ಆದ ಸಿಗ್ನಲ್‌ನಲ್ಲಿ, ತಾನಾಗಿ ಅಳಿಸಿಹೋಗುವ ಹಾಗೆ.

ಬಿಡುಗಡೆಯಾದಾಗ

ಮೊದಲು ಎಎಪಿಪಿಯಿಂದ ಖಚಿತ ಮಾಡಿಕೊಳ್ಳಿ. ಪಟ್ಟಿಯಲ್ಲಿ ಹೆಸರಿದ್ದರೂ ಜೈಲಿನ ಗೇಟಿನಲ್ಲೇ ಬೇರೆ ಕೇಸಿನಲ್ಲಿ ಮತ್ತೆ ಹಿಡಿದ ಪ್ರಸಂಗಗಳಿವೆ.

ಹೊರಬಂದರೂ ಪೂರ್ತಿ ಬಿಡುಗಡೆಯಲ್ಲ. ಕ್ಷಮಾದಾನ ಕೊಡುವುದು ಅವರ ಕ್ರಿಮಿನಲ್ ಪ್ರೊಸೀಜರ್ ಕೋಡ್‌ನ 401ನೇ ಸೆಕ್ಷನ್ ಅಡಿ, ಷರತ್ತಿನ ಮೇಲೆ. ಮತ್ತೆ ಸಿಕ್ಕಿಬಿದ್ದರೆ ಹೊಸ ಶಿಕ್ಷೆಯ ಜೊತೆ ಉಳಿದ ಹಳೆಯ ಶಿಕ್ಷೆಯನ್ನೂ ಅನುಭವಿಸಬೇಕು. ಆದ್ದರಿಂದ "ನಮ್ಮ ಹೋರಾಟಕ್ಕೆ ಜಯ" ಎಂದು ಫ್ಲೆಕ್ಸ್ ಹಾಕಬೇಡಿ. ಅವರಿಂದ ವಿಡಿಯೋ, ಧನ್ಯವಾದದ ಮಾತು ಕೇಳಬೇಡಿ. ಸ್ಥಳೀಯ ಪತ್ರಿಕೆಯವರು ಕೇಳಿದರೆ ಮನೆಯವರು ಒಪ್ಪಿದಷ್ಟನ್ನು ಮಾತ್ರ ಹೇಳಿ. ಹಳೆಯ ಪೋಸ್ಟರ್, ಫೋಟೋಗಳನ್ನು ಇಂಟರ್‌ನೆಟ್‌ನಿಂದ ತೆಗೆಯಬೇಕೇ ಎಂದು ಅದೇ ಮಧ್ಯವರ್ತಿಗಳ ಮೂಲಕ ಕೇಳಿ, ಹೇಳಿದರೆ ತೆಗೆಯಿರಿ. ವಿದೇಶಾಂಗ ಸಚಿವಾಲಯಕ್ಕೆ, ಸಂಸದರಿಗೆ, ಜಿನೀವಾಕ್ಕೆ ಬಿಡುಗಡೆಯ ವಿಷಯ ತಿಳಿಸಿ ಒಂದೊಂದು ಪತ್ರ ಬರೆಯಿರಿ. ಮುಂದಿನ ಹೆಸರು ಹಿಡಿದುಕೊಂಡು ಹೋದಾಗ ಅದೇ ಕಚೇರಿಗಳಲ್ಲಿ ನಿಮ್ಮನ್ನು ಗುರುತು ಹಿಡಿಯುತ್ತಾರೆ.

ಬಿಡುಗಡೆಯ ಬದಲು ಸಾವಿನ ಸುದ್ದಿ ಬಂದರೆ, ಎಲ್ಲೂ ಏನೂ ಹಾಕುವ ಮೊದಲು ಮನೆಯವರಿಗೆ ತಿಳಿದಿದೆಯೇ ಎಂದು ಕೇಳಿ. ಶವ ಕೊಟ್ಟಿದ್ದಾರೆಯೇ, ಮರಣೋತ್ತರ ಪರೀಕ್ಷೆ ಆಗಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಹಾಕಿ ಅದೇ ವಿಳಾಸಗಳಿಗೆ ಮತ್ತೆ ಬರೆಯಬೇಕಾಗುತ್ತದೆ. ಆಗಲೂ ಮನೆಯವರ ಒಪ್ಪಿಗೆ ಬೇಕು. ಕಡತವನ್ನು ಎಸೆಯಬೇಡಿ, ಒಂದು ಪ್ರತಿ ಎಎಪಿಪಿಗೆ ಕಳಿಸಿ, ಇನ್ನೊಂದನ್ನು ನಿಮ್ಮ ಲಾಯರ್ ಬಳಿ ಇಡಿ.